ಆ ಕಾರು ಇನ್ನಷ್ಟು ಜೋರಾಗಿ ಬಂದಿದ್ದರೆ?

1931ರ ಡಿಸೆಂಬರ್ 13ರ ರಾತ್ರಿ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ 57 ವರ್ಷದ ಸ್ಥೂಲಕಾಯದ ಇಂಗ್ಲಿಷ್ ಗೃಹಸ್ಥನೊಬ್ಬ ಟ್ಯಾಕ್ಸಿಯಿಂದ ಇಳಿದು, ಗೆಳೆಯನ ಮನೆ ಹುಡುಕುತ್ತ ರಸ್ತೆ ದಾಟತೊಡಗಿದ. ಇಂಗ್ಲೆಂಡಿನಲ್ಲಿ ವಾಹನಗಳು ಭಾರತದಲ್ಲಿರುವಂತೆ ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ, ಅಮೆರಿಕದಲ್ಲಿ ಬಲಬದಿಯಲ್ಲಿ. ನಡುರಸ್ತೆ ತಲುಪಿದವನು ತನ್ನೂರಿನ ರೂಢಿಯಂತೆ ಎಡಕ್ಕೆ ನೋಡಿದ. ಕಾರು ಬಂದದ್ದು ಬಲದಿಂದ! ಹಾಗೆ ಪೆಟ್ಟು ತಿಂದು ಬಿದ್ದವನು ವಿನ್‌ಸ್ಟನ್ ಚರ್ಚಿಲ್. ಆಗ ಅವನ ಕೈಯಲ್ಲಿ ಯಾವ ಮಂತ್ರಿಪದವಿಯೂ ಇರಲಿಲ್ಲ.

ಬದುಕುಳಿದ ಚರ್ಚಿಲ್, ಆಕ್ಸ್‌ಫರ್ಡಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಗೆಳೆಯ ಲಿಂಡೆಮನ್‌ನನ್ನು ಆ ಪೆಟ್ಟಿನ ಲೆಕ್ಕ ಕೇಳಿದ. ಮೂವತ್ತು ಅಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದಷ್ಟು ಎಂದು ತಂತಿಯಲ್ಲಿ ಉತ್ತರ ಬಂತು. ಹೈಸ್ಕೂಲಿನ ವಿದ್ಯಾರ್ಥಿಯೂ ಇದನ್ನು ತಾಳೆ ನೋಡಬಹುದು. ಗಂಟೆಗೆ 30 ಮೈಲಿ ಎಂದರೆ ಸೆಕೆಂಡಿಗೆ 13.4 ಮೀಟರ್. ಅದರ ವರ್ಗವನ್ನು 19.6ರಿಂದ ಭಾಗಿಸಿದರೆ ಸುಮಾರು 9.2 ಮೀಟರ್, ಅಂದರೆ 30 ಅಡಿ. ಕಾರಿನ ವೇಗ 40 ಮೈಲಿ ಇದ್ದಿದ್ದರೆ ಎತ್ತರ 53 ಅಡಿಯಾಗುತ್ತಿತ್ತು. ಆಗ ಆತ ಉಳಿಯುತ್ತಿದ್ದುದು ಸಂಶಯ.

ಹಾಗಾದರೆ ಹಿಟ್ಲರನ ಯುದ್ಧ ಏನಾಗುತ್ತಿತ್ತು? ಇಂಥ ಪ್ರಶ್ನೆಯನ್ನೇ ಬೀಜವಾಗಿಟ್ಟುಕೊಂಡು ಬರೆದ ಯುದ್ಧ ಕಾದಂಬರಿಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಮಕ್ಕಳು ಇವನ್ನು ಓದುತ್ತ ಕುಳಿತರೆ 'ಅತ್ತೆಗೆ ಮೀಸೆ ಬಂದರೆ ಮಾವ' ಎಂದು ಹಿರಿಯರು ಗೊಣಗುವುದುಂಟು. ಗೊಣಗಬೇಕಾಗಿಲ್ಲ. ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಬಿಡುತ್ತಾರಲ್ಲವೆ? ಕಥೆಗಾರನಿಗೂ ಅದೇ ಕಟ್ಟಳೆ. ಒಂದು ಅಪಘಾತವನ್ನು ಅವನು ತನಗೆ ಬೇಕಾದಂತೆ ತಿರುಗಿಸಬಹುದು. ತೆರವಾದ ಕುರ್ಚಿಗೆ ಯಾರು ಬರುತ್ತಾರೆಂಬುದು ಮಾತ್ರ ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ಅದು ಕಾಯಿದೆ, ಪಕ್ಷ ಮತ್ತು ಓಟಿನ ಲೆಕ್ಕಕ್ಕೆ ಸೇರಿದ್ದು.

1940ರ ಮೇ ತಿಂಗಳನ್ನೇ ನೋಡಿ. ನಾರ್ವೆಯಲ್ಲಿನ ಸೋಲಿನ ಮೇಲೆ ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಿ, 8ರಂದು ಮತ ಎಣಿಸಿದಾಗ ಪ್ರಧಾನಿ ಚೇಂಬರ್ಲೇನನ ಪರ 281, ವಿರುದ್ಧ 200. ಗೆದ್ದರೂ ಸೋತ ಹಾಗೆ. ಇನ್ನೂರಕ್ಕೂ ಹೆಚ್ಚು ಬಹುಮತವಿದ್ದ ಸರ್ಕಾರಕ್ಕೆ ಉಳಿದದ್ದು 81. ಅವನ ಬದಲಿಗೆ ದೊರೆ ಆರನೆಯ ಜಾರ್ಜ್ ಬಯಸಿದ್ದು ಲಾರ್ಡ್ ಹ್ಯಾಲಿಫ್ಯಾಕ್ಸನನ್ನು. ಈತ ಭಾರತೀಯರಿಗೆ ಅಪರಿಚಿತನಲ್ಲ. 1931ರಲ್ಲಿ ಗಾಂಧೀಜಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದ ವೈಸರಾಯ್ ಇರ್ವಿನ್ನನೇ ಇವನು. ಮೇಲ್ಮನೆಯಲ್ಲಿದ್ದುಕೊಂಡು ಯುದ್ಧಕಾಲದ ಸರ್ಕಾರ ನಡೆಸುವುದು ಕಷ್ಟವೆಂದು ಹ್ಯಾಲಿಫ್ಯಾಕ್ಸ್ ಹಿಂಜರಿದ. 10ರ ಸಂಜೆ ಚರ್ಚಿಲ್ ಪ್ರಧಾನಿಯಾದ. ಚರ್ಚಿಲ್ ಎಂಬವನೇ ಇಲ್ಲದಿದ್ದರೆ ಆ ಹಿಂಜರಿಕೆ ನಿಲ್ಲುತ್ತಿತ್ತೆ? ನಿಲ್ಲುತ್ತಿರಲಿಲ್ಲವೆನ್ನುವ ಕಥೆಯನ್ನು ನಂಬಬಹುದು.

ಮುಂದಿನದು ಇನ್ನೂ ಸೂಕ್ಷ್ಮ. ಮೇ 26ರಿಂದ 28ರವರೆಗೆ, ಸೈನ್ಯ ಡನ್‌ಕರ್ಕ್ ತೀರದಲ್ಲಿ ಸಿಕ್ಕಿಬಿದ್ದಿದ್ದಾಗ, ಐವರ ಯುದ್ಧ ಸಂಪುಟದಲ್ಲಿ ವಾದ ನಡೆಯಿತು. ಇಟಲಿಯ ಮೂಲಕ ಸಂಧಿಯ ಷರತ್ತುಗಳೇನೆಂದು ವಿಚಾರಿಸೋಣವೆಂದು ಹ್ಯಾಲಿಫ್ಯಾಕ್ಸ್, ಬೇಡವೆಂದು ಚರ್ಚಿಲ್. ಲೇಬರ್ ಪಕ್ಷದ ಅಟ್ಲಿ, ಗ್ರೀನ್‌ವುಡ್ ಚರ್ಚಿಲನ ಕಡೆ ನಿಂತರು. ಓಲಾಡುತ್ತಿದ್ದ ಚೇಂಬರ್ಲೇನ್ ಕೊನೆಗೆ ಅತ್ತಲೇ ವಾಲಿದ. 3,38,000 ಸೈನಿಕರು ಪಾರಾಗಿ ಬರುತ್ತಾರೆಂಬುದು ಆ ಮೇಜಿನ ಸುತ್ತ ಕುಳಿತ ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷಸ್ಥಾನದಲ್ಲಿ ಹ್ಯಾಲಿಫ್ಯಾಕ್ಸ್ ಇದ್ದಿದ್ದರೆ ಮಾತುಕತೆ ಶುರುವಾಗುತ್ತಿತ್ತೆನ್ನುವುದು ಸಂಭವನೀಯ. ಸಿ.ಜೆ. ಸ್ಯಾನ್ಸಮ್‌ನ 2012ರ 'ಡೊಮಿನಿಯನ್' ಕಾದಂಬರಿ ಹಿಡಿದದ್ದು ಇದೇ ಎಳೆಯನ್ನು.

ಆದರೆ ಕೆಲವು ಕಥೆಗಾರರಿಗೆ ಅವಸರ. ಚರ್ಚಿಲನನ್ನು ಕೊಂದು, ಮರುಪುಟದಲ್ಲೇ ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಮೋಸ್ಲಿಯನ್ನು ಪ್ರಧಾನಿ ಮಾಡಿಬಿಡುತ್ತಾರೆ. ಅವನ ಪಕ್ಷ ಪಾರ್ಲಿಮೆಂಟಿನಲ್ಲಿ ಒಂದೇ ಒಂದು ಸ್ಥಾನವನ್ನೂ ಗೆದ್ದದ್ದಿಲ್ಲ. 1940ರ ಮೇ 23ರಂದು ಅವನು ಸೆರೆಮನೆ ಸೇರಿದ. ಅವನನ್ನು ಗದ್ದಿಗೆಗೆ ತರಬೇಕಾದರೆ ಜರ್ಮನ್ ಟ್ಯಾಂಕುಗಳು ಮೊದಲು ಇಂಗ್ಲಿಷ್ ಕಡಲ್ಗಾಲುವೆ ದಾಟಬೇಕು. ಅದರ ಅತಿ ಕಿರಿದಾದ ಜಾಗವೇ 33 ಕಿಲೋಮೀಟರಿಗೂ ಹೆಚ್ಚು. ನಾಯಕ ಬದಲಾದರೆ ಸಮುದ್ರ ಕಿರಿದಾಗದು. ರೇಡಾರ್ ಕೂಡ ಹಾಗೆಯೇ. ವಾಟ್ಸನ್-ವಾಟ್ ಮೊದಲ ಪರೀಕ್ಷೆ ನಡೆಸಿದ್ದು 1935ರ ಫೆಬ್ರವರಿ 26ರಂದು. ಕರಾವಳಿಯ ರೇಡಾರ್ ಕೇಂದ್ರಗಳ ಸಾಲು ಎದ್ದದ್ದು ಚರ್ಚಿಲ್ ಅಧಿಕಾರದಲ್ಲಿ ಇಲ್ಲದಿದ್ದಾಗ. ಹ್ಯಾಲಿಫ್ಯಾಕ್ಸನಿಗೂ ಅವೇ ಕೇಂದ್ರಗಳು, ಅವೇ ವಿಮಾನಗಳು ಸಿಗುತ್ತಿದ್ದವು. ಬಳಸುವ ಮನಸ್ಸು ಬೇರೆಯಾಗಿರುತ್ತಿತ್ತು, ಅಷ್ಟೆ.

ಕಾಯಿದೆಯೇ ಉತ್ತರಾಧಿಕಾರಿಯನ್ನು ಆರಿಸಿಟ್ಟಿರುವುದೂ ಉಂಟು. 1933ರ ಫೆಬ್ರವರಿ 15ರಂದು ಮಯಾಮಿಯಲ್ಲಿ ಜಂಗಾರ ಎಂಬವನು ರೂಸ್ವೆಲ್ಟ್ ಕಡೆಗೆ ಐದು ಗುಂಡು ಹಾರಿಸಿದ. ಕುಳ್ಳನಾದ್ದರಿಂದ ಅಲುಗಾಡುವ ಕುರ್ಚಿಯೊಂದರ ಮೇಲೆ ನಿಂತಿದ್ದ! ಗುಂಡು ತಗುಲಿದ್ದು ಷಿಕಾಗೋ ಮೇಯರ್ ಸೆರ್ಮಾಕ್ ಮೊದಲಾದವರಿಗೆ. ಫಿಲಿಪ್ ಕೆ. ಡಿಕ್ 1962ರ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಕಾದಂಬರಿಯಲ್ಲಿ ರೂಸ್ವೆಲ್ಟನನ್ನು ಸಾಯಿಸಿ, ಅಮೆರಿಕವನ್ನು ಜರ್ಮನಿ-ಜಪಾನುಗಳ ಕೈಗೆ ಒಪ್ಪಿಸುತ್ತಾನೆ. ರೂಸ್ವೆಲ್ಟ್ ಆಗಿನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಅಂಥವನು ಸತ್ತರೆ ಆಯ್ಕೆಯಾದ ಉಪಾಧ್ಯಕ್ಷನೇ ಅಧ್ಯಕ್ಷ ಎನ್ನುವ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿದ್ದು ಗುಂಡು ಹಾರುವ 23 ದಿನಗಳ ಮೊದಲು. ಹೀಗಾಗಿ ಟೆಕ್ಸಾಸಿನ ಗಾರ್ನರ್ ಹೊರತು ಬೇರೆ ಹೆಸರಿಗೆ ಎಡೆಯೇ ಇರಲಿಲ್ಲ.

ಚರ್ಚಿಲ್ ಇಲ್ಲದ ಕಥೆಯನ್ನು ಬರೆಯಹೊರಡುವ ವಿದ್ಯಾರ್ಥಿ, ಮತ ಎಣಿಕೆಯನ್ನು ಅತ್ತಿತ್ತ ಮಾಡಿ ಚೇಂಬರ್ಲೇನನನ್ನೇ ಮುಂದುವರಿಸಬಹುದು. ಆದರೆ ಅವನ ಕರುಳಿನ ಕ್ಯಾನ್ಸರಿಗೂ ನ್ಯೂಯಾರ್ಕಿನ ಕಾರಿಗೂ ಯಾವ ಸಂಬಂಧವೂ ಇಲ್ಲ. 1940ರ ನವೆಂಬರ್ 9ರಂದು ಚೇಂಬರ್ಲೇನ್ ಸಾಯುತ್ತಾನೆ. ಕಥೆಗಾರ ಆರೇ ತಿಂಗಳಲ್ಲಿ ಮತ್ತೆ ಹ್ಯಾಲಿಫ್ಯಾಕ್ಸನ ಮನೆ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ.