ರಿಯಾಯಿತಿಯ ಕ್ಯಾಮೆರಾ

ಬೀದಿಯ ಚಿತ್ರ ತೆಗೆಯಲು ರಿಯಾಯಿತಿಯ ಪುಟ್ಟ ಕ್ಯಾಮೆರಾ ಸಾಕೇ ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಸಾಕು ಎಂಬುದೇ ನನ್ನ ಅಭಿಪ್ರಾಯ. ಹೊಸ ಮಾದರಿ ಬಂದೊಡನೆ ಹಳೆಯದರ ಬೆಲೆ ಇಳಿಯುತ್ತದೆಯೇ ಹೊರತು ಅದರ ಮಸೂರ ಮಂಕಾಗುವುದಿಲ್ಲ.

ಸಂಜೆಯ ಮಬ್ಬಿನಲ್ಲಿ ಮೆಗಾಪಿಕ್ಸೆಲ್ ಸಂಖ್ಯೆಗಿಂತ ಸೆನ್ಸರಿನ ಗಾತ್ರ ನೆರವಾಗುತ್ತದೆ. ಗುಂಡಿ ಒತ್ತಿದೊಡನೆ ಚಿತ್ರ ಮೂಡಬೇಕು. ಆಷಾಢದಲ್ಲಿ ಚಾಮರಾಜೇಶ್ವರನ ತೇರು ನಮಗಾಗಿ ಕಾಯದು. ಜೂಮ್ ಬೇಡ, 28 ಮಿ.ಮೀ. ನೋಟದ ಮಸೂರವಿರಲಿ. ಆಗ ಜನರ ಹತ್ತಿರ ಹೋಗಲೇಬೇಕು, ಹೋದರೆ ಮಾತನಾಡಿಸಲೇಬೇಕು.

ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗರು ಹೂ ಕೊಯ್ಯುವ ಹೆಂಗಸರ ಹೆಸರು ಕೇಳುವುದು ಅಪರೂಪ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯರನ್ನು ಗೌರವದಿಂದ ಚಿತ್ರಿಸಿದರು. ನೀವೂ ಕೇಳಿಯೇ ತೆಗೆಯಿರಿ. ರಿಯಾಯಿತಿಯಿಂದ ಉಳಿದ ಹಣದಲ್ಲಿ ಪ್ರತಿ ಹಾಕಿಸಿ ಅವರ ಕೈಗೆ ಕೊಡಿರಿ.