ರಾಶಿಯ ಮುಂದೆ ಇರಬೇಕಾದ ಕಣ್ಣು

ಸಂಡೂರಿನ ದೋಣಿಮಲೈಯಲ್ಲಿ 1977ರಿಂದ ಕಬ್ಬಿಣದ ಅದಿರು ತೆಗೆಯುತ್ತಿದ್ದಾರೆ. ಮಾರಾಟಕ್ಕೆ ಹೊರಡುವ ಅದಿರಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ ಎಂಬುದರ ಮೇಲೆ ದರ್ಜೆ, ದರ್ಜೆಯ ಮೇಲೆ ಬೆಲೆ. ಅದೇ ಜಿಲ್ಲೆಯ ಕಂಪ್ಲಿ ಸೀಮೆಯ ಭತ್ತಕ್ಕೆ ಆ ಮರ್ಯಾದೆ ಇಲ್ಲ. ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಎರಡು ಕಾಳು ಕಚ್ಚಿ ನೋಡಿ ದರ ಹೇಳುತ್ತಾನೆ. ಕಲ್ಲಿಗೆ ಸಿಕ್ಕ ನ್ಯಾಯ ಕಾಳಿಗೆ ಯಾಕೆ ಸಿಗಬಾರದು?

ಯಂತ್ರ ಇಲ್ಲವೆಂದಲ್ಲ. ತುಂಗಭದ್ರಾ ಅಚ್ಚುಕಟ್ಟಿನ ರೈಸ್ ಮಿಲ್ಲುಗಳಲ್ಲಿ ಕಲರ್ ಸಾರ್ಟರ್‌ಗಳಿವೆ. ಇಂಥ ಯಂತ್ರ ಮಾಡುವ, ಲಂಡನ್ನಿನಲ್ಲಿ 1947ರಲ್ಲಿ ಹುಟ್ಟಿದ ಒಂದು ಕಂಪನಿಯ ಹೆಸರು ಇಂದು ನಮ್ಮ ಕಿರಾಣಿ ಅಂಗಡಿಯ ಮಾತೇ ಆಗಿದೆ: ಸಾರ್ಟೆಕ್ಸ್ ಅಕ್ಕಿ. ಇಳಿಜಾರಿನಲ್ಲಿ ಅಕ್ಕಿ ಜಾರುವಾಗ ಕ್ಯಾಮೆರಾ ಅದನ್ನು ನೋಡುತ್ತದೆ. ಕಪ್ಪು ಕಾಳೋ ಹಳದಿ ಕಾಳೋ ಕಂಡರೆ ಗಾಳಿಯ ಸಣ್ಣ ಹೊಡೆತ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಮೊರ ಹಿಡಿದು ಕೂತು ಆರಿಸುತ್ತಿದ್ದ ಕೆಲಸ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಉಣ್ಣುವವರಿಗೆ ಇದು ಉಪಕಾರವೇ. ಆದರೆ ಈ ಕಣ್ಣು ತೆರೆಯುವುದು ರೈತ ದುಡ್ಡು ಎಣಿಸಿಕೊಂಡು ಊರಿಗೆ ಹೋದ ಮೇಲೆ. ತನ್ನ ಭತ್ತದಲ್ಲಿ ಏನಿತ್ತು ಎಂಬುದು ಬೆಳೆದವನಿಗೆ ತಿಳಿಯುವುದೇ ಇಲ್ಲ.

ಹಾಗೆಂದು ವ್ಯಾಪಾರಿಯ ಅನುಭವವನ್ನು ಹಗುರವಾಗಿ ಕಾಣಬೇಕಿಲ್ಲ. ಆ ಕಣ್ಣು ಪಳಗಿದ ಕಣ್ಣು. ಆದರೆ ಕೊಳ್ಳುವವನೇ ಪರೀಕ್ಷಕನೂ ಆದರೆ ತೀರ್ಪನ್ನು ಪ್ರಶ್ನಿಸಲು ದಾಖಲೆ ಉಳಿಯುವುದಿಲ್ಲ. ಕ್ಯಾಮೆರಾದ ದೊಡ್ಡ ಗುಣ ಅದರ ಚುರುಕಲ್ಲ, ಅದು ಉಳಿಸುವ ಪುರಾವೆ. ನೂರು ಕಾಳಿನಲ್ಲಿ ಕೆಟ್ಟವು ಎಷ್ಟು ಎಂದು ಬರೆದಿಟ್ಟರೆ ರೈತ ಅದನ್ನು ಹಿಡಿದು ಮಾತಾಡಬಹುದು.

ಯಂತ್ರ ಬಂದ ಮಾತ್ರಕ್ಕೆ ನ್ಯಾಯ ಬಂತು ಎನ್ನಲಾಗದು. ಯಾವ ಬಣ್ಣ ದೋಷ, ಎಷ್ಟು ಕಲೆಯಾದರೆ ತಿರಸ್ಕಾರ ಎಂದು ಯಂತ್ರಕ್ಕೆ ಹೇಳಿಕೊಡುವವರು ಮನುಷ್ಯರೇ. ಆ ಮಿತಿಯನ್ನು ತುಸು ಬಿಗಿ ಮಾಡಿದರೆ ನಿನ್ನೆಯ ಒಳ್ಳೆಯ ಕಾಳು ಇಂದು ಕೆಟ್ಟದಾಗುತ್ತದೆ. ಬಣ್ಣ ನೋಡುವ ಕ್ಯಾಮೆರಾಕ್ಕೆ ಕಾಣದ್ದೂ ಬಹಳ. ಬೆಂಬಲ ಬೆಲೆಯ ಖರೀದಿಗೆ ಭತ್ತದ ತೇವ ಶೇ. 17 ಮೀರಬಾರದು, ಅದನ್ನು ಅಳೆಯಲು ಬೇರೆ ಮೀಟರೇ ಬೇಕು. ಕೀಟನಾಶಕದ ಉಳಿಕೆಯನ್ನು ಕಾಳಿನ ಬಣ್ಣ ಹೇಳುವುದಿಲ್ಲ. ಬೆಳ್ಳಗಿದ್ದುದೇ ಒಳ್ಳೆಯದು ಎಂಬ ನಮ್ಮ ಭ್ರಮೆಯನ್ನು ಯಂತ್ರವೂ ಕಲಿತರೆ, ಪಾಲಿಶ್‌ನಲ್ಲಿ ತೌಡಿನ ಜೊತೆ ಹೋದ ಪೋಷಕಾಂಶದ ಲೆಕ್ಕ ಇಡುವವರು ಯಾರು?

ಸಂಡೂರಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಅದಿರಿನ ಲಾರಿಗಳು ಓಡಾಡುವ ದಾರಿಯ ಹೊಲಗಳಲ್ಲಿ ಬೆಳೆಯ ಮೇಲೆ ಕೆಂಧೂಳು ಕೂರುತ್ತದೆ. ಎಲೆಯ ಮೇಲಿನ ಆ ಧೂಳನ್ನು ಕ್ಯಾಮೆರಾ ರೋಗವೆಂದು ಓದಬಹುದು, ಕಾಯಿಯ ಮೇಲಿನದನ್ನು ದೋಷವೆಂದು ಬೆಲೆಯಲ್ಲಿ ಕಳೆಯಬಹುದು. ಗಣಿ ಮಾಡಿದ ತಪ್ಪಿಗೆ ದಂಡ ಕಟ್ಟುವವನು ಆಗ ರೈತ. ಆದ್ದರಿಂದ ಈ ನೆಲಕ್ಕೆ ತರುವ ಯಂತ್ರ ಈ ನೆಲದ ಬೆಳೆ ಮತ್ತು ಧೂಳು ಎರಡನ್ನೂ ನೋಡಿ ಕಲಿತಿರಬೇಕು.

ಹಣ ಎಲ್ಲಿಂದ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಗಣಿಯಿಂದ ಬಾಧೆಗೊಳಗಾದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಕಟ್ಟುವ ಕಾನೂನು 2015ರಲ್ಲೇ ಬಂದಿದೆ. ಆ ಪ್ರತಿಷ್ಠಾನದ ಹಣದ ಒಂದು ಪಾಲಿನಲ್ಲಿ ಬಾಧಿತ ರೈತರ ಮಾರುಕಟ್ಟೆಗಳಲ್ಲಿ ಕ್ಯಾಮೆರಾ, ತೇವದ ಮೀಟರು, ಕಲಿತ ಒಬ್ಬ ಪರೀಕ್ಷಕ ಇರಲಿ. ದರ ಕೂಗುವ ಮೊದಲೇ ಪರೀಕ್ಷೆ ಮುಗಿದು, ಕನ್ನಡದಲ್ಲಿ ಮುದ್ರಿಸಿದ ಚೀಟಿ ರೈತನ ಕೈಗೆ ಸೇರಲಿ. ಅದಿರಿಗೆ ಕೊಡುವ ಮರ್ಯಾದೆ ಅನ್ನಕ್ಕೂ ಸಲ್ಲಬೇಕು.