ಕೆರೆ ಏರಿಯ ಮೇಲೆ ಅರ್ಧ ಗಂಟೆ



ಈ ಪಕ್ಷದ ಕಾಗದಗಳಲ್ಲಿ ಹಪ್ಪಳ ಸೀಳುವುದು, ಕೂದಲು ಉದುರುವುದು, ಮಗಳ ಮದುವೆ ಎಲ್ಲಾ ಇದ್ದವು. ಅವುಗಳ ನಡುವೆ ಬೇರೆ ತರಹದ ಒಂದು ಕಾಗದ, ಕ್ಯಾಸಂಬಳ್ಳಿ ಕಡೆಯಿಂದ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗ ಹೊಸ ಫೋನು ಕೊಂಡಾಗ ಹಳೆಯದನ್ನು ಅಮ್ಮನಿಗೆ ಕೊಟ್ಟನಂತೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಕೆರೆ ಏರಿಯ ಮೇಲೆ ಐದು ನಿಮಿಷ ನಿಂತು ಫೋಟೋ ತೆಗೆಯುವುದು ಅಭ್ಯಾಸವಾಯಿತು. ಐದು ನಿಮಿಷ ಬರಬರುತ್ತಾ ಅರ್ಧ ಗಂಟೆಯಾಯಿತು. "ಮನುಷ್ಯರ ಫೋಟೋ ತೆಗೆದರೆ ಒಂದು ಅರ್ಥ. ಬಂಡೆ, ನೀರು, ಮೋಡ ತೆಗೀತೀಯಲ್ಲ, ಯಾತಕ್ಕೆ ಬರುತ್ತೆ?" ಎಂದು ಅತ್ತೆಯವರು ಕೇಳುತ್ತಾರಂತೆ. "ಯಾತಕ್ಕೆ ಬರುತ್ತೆ ಅಂತ ನನಗೂ ಹೇಳಕ್ಕಾಗಲ್ಲ ಅಕ್ಕ. ಆದ್ರೆ ತೆಗೆಯದ ದಿನ ಏನೋ ಬಿಟ್ಟುಹೋದಂಗೆ ಇರುತ್ತೆ. ನಿಲ್ಲಿಸಿಬಿಡಲಾ?" ಎಂದು ನನ್ನನ್ನು ಕೇಳಿದ್ದಾರೆ.

ನಿಲ್ಲಿಸಬೇಡಿ ತಂಗಿ. ಮನೆಯ ಗಂಡಸರು ಭಾನುವಾರ ಪೂರಾ ಕ್ರಿಕೆಟ್ ನೋಡಿದರೆ ಯಾತಕ್ಕೆ ಬರುತ್ತೆ ಎಂದು ಯಾರಾದರೂ ಕೇಳುತ್ತಾರೆಯೇ? ನಮ್ಮ ಅರ್ಧ ಗಂಟೆಗೆ ಮಾತ್ರ ಲೆಕ್ಕ ಒಪ್ಪಿಸಬೇಕು!

ನಿಮ್ಮ ಸಾಲಿನವರು ಯಾರು ಯಾರು ಎಂದು ಹೇಳುತ್ತೇನೆ, ಕೇಳಿ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆ 1815ರಲ್ಲಿ ನಮ್ಮ ಕಲ್ಕತ್ತೆಯಲ್ಲೇ ಹುಟ್ಟಿದವಳು. ಇಂಗ್ಲೆಂಡಿನಲ್ಲಿ ಮಕ್ಕಳು ಮರಿ ಸಾಕಿಕೊಂಡಿದ್ದ ಗೃಹಿಣಿ. 1863ರಲ್ಲಿ ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟಾಗ ಆಕೆಗೆ 48 ವರ್ಷ. ಇದ್ದಲು ಇಡುವ ಕೋಣೆಯನ್ನು ಫೋಟೋ ತೊಳೆಯುವ ಕತ್ತಲೆ ಕೋಣೆ ಮಾಡಿಕೊಂಡಳು, ಕೋಳಿ ಗೂಡನ್ನು ಸ್ಟುಡಿಯೋ ಮಾಡಿದಳು. ಆಕೆ ತೆಗೆದದ್ದು ಹೆಚ್ಚಾಗಿ ಮುಖಗಳನ್ನು, ಬೆಟ್ಟ ಗುಡ್ಡಗಳನ್ನಲ್ಲ. ಆದರೆ ಇವತ್ತಿಗೂ ಛಾಯಾಚಿತ್ರದ ಚರಿತ್ರೆ ಬರೆಯುವವರು ಆಕೆಯನ್ನು ಬಿಟ್ಟು ಬರೆಯುವ ಹಾಗಿಲ್ಲ. ನಮ್ಮ ನಾಡಿನಲ್ಲೂ ಇದು ಹವ್ಯಾಸಿಗಳು ಬೆಳೆಸಿದ ಕಲೆಯೇ. ಸಂಡೂರಿನ ಎಂ. ವೈ. ಘೋರ್ಪಡೆಯವರು 1970ರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿಗಳು. ಬಿಡುವಾದರೆ ಕ್ಯಾಮೆರಾ ಹಿಡಿದು ಕಾಡಿಗೆ ನಡೆಯುತ್ತಿದ್ದವರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತೋಟ ನೋಡಿಕೊಂಡು, ಕಥೆ ಬರೆದುಕೊಂಡು, ಅದರ ನಡುವೆ ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು. ಯಾತಕ್ಕೆ ಬರುತ್ತೆ ಎಂದು ಅವರನ್ನೂ ಯಾರಾದರೂ ಕೇಳಿರಬೇಕು!

"ನಮ್ಮ ಕಡೆ ಮಲೆನಾಡಿನ ಹಾಗೆ ಏನಿದೆ, ಬರೀ ಬಂಡೆ" ಎಂದೂ ಕೊರಗಿದ್ದೀರಿ. ಈ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಸಿ. ರೆಡ್ಡಿಯವರ ಹೆಸರಿನ ಮೊದಲ ಅಕ್ಷರವೇ ನಿಮ್ಮ ಕ್ಯಾಸಂಬಳ್ಳಿ. ಊರನ್ನು ಹೆಸರಿನ ಮುಂದೆ ಇಟ್ಟುಕೊಂಡು ತಿರುಗಿದವರು ಅವರು! ಇನ್ನು ಬಂಡೆಯ ಮಾತು. ಕೋಲಾರ ಸೀಮೆಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂಶಾಸ್ತ್ರದವರು. ಬಿಸಿಲು ಮಳೆಗೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಂಡು ಗುಂಡಗಾದ ಬಂಡೆಗಳವು. ಇನ್ನು ಹುಣಿಸೆ ತೋಪು, ರಾಗಿ ಹೊಲ, ಹಿಪ್ಪುನೇರಳೆ, ಸಂಕ್ರಾಂತಿ ಕಳೆದ ಮೇಲೆ ಹೂ ಬಿಟ್ಟ ಮಾವು, ನೀರಿದ್ದ ವರ್ಷ ಕೆರೆಗೆ ಬರುವ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ. ಮಲೆನಾಡಿನಲ್ಲಿ ಮರ ಅಡ್ಡ ಬಂದು ಆಕಾಶವೇ ಕಾಣುವುದಿಲ್ಲ. ನಿಮಗೆ ಎಷ್ಟು ಆಕಾಶ ಬೇಕು, ಅಷ್ಟಿದೆ!

ಇನ್ನು ಕೆ.ಜಿ.ಎಫ್. ಸೈನೈಡ್ ದಿಬ್ಬಗಳು. ಅವುಗಳನ್ನು ತೆಗೆಯಲೋ ಬೇಡವೋ ಎಂದು ಕೇಳಿದ್ದೀರಿ. ಈ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ಕೂತೆ. ಗಣಿಯಿಂದ ತಂದ ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. ನೂರು ವರ್ಷದ ಮಣ್ಣು ಗುಡ್ಡವಾಗಿದೆ, ಮಳೆ ನೀರು ಹರಿದು ಹರಿದು ಸೆರಗಿನ ನೆರಿಗೆಯಂತೆ ಸೀಳಿದೆ. ಸಂಜೆ ಬಿಸಿಲು ಬಿದ್ದರೆ ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳುವುದೇಕೆ? ಸಿನಿಮಾದವರು ಸುಮ್ಮನೆ ಅಲ್ಲಿಗೆ ಬರುವುದಿಲ್ಲ. ಆದರೆ ಗಾಳಿ ಬೀಸಿದಾಗ ಆ ಧೂಳು ಹೋಗಿ ಕೂರುವುದು ಪಕ್ಕದ ಕೇರಿಗಳ ಬಟ್ಟೆ ಪಾತ್ರೆಗಳ ಮೇಲೆ, ಮಕ್ಕಳ ಎದೆಯೊಳಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಮನೆಗಳೂ ಅದೇ ದಿಬ್ಬಗಳ ಕೆಳಗಿವೆ. ಇವತ್ತಿಗೂ ಅಲ್ಲಿಂದ ಎಷ್ಟೋ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಹಾಗಾದರೆ ತೆಗೆಯಬಾರದೇ? ತೆಗೆಯಬೇಕು ಎಂದೇ ನನ್ನ ಅಭಿಪ್ರಾಯ. ಅಲ್ಲಿನ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ನಡೆದರೆ ಈಗಿರುವ ನೋಟ ಮುಂದೆ ಇರುವುದಿಲ್ಲ. ಆದ್ದರಿಂದ ತೆಗೆಯಿರಿ, ಆದರೆ ದಿಬ್ಬ ಒಂದನ್ನೇ ಮರಳುಗಾಡಿನ ಹಾಗೆ ತೆಗೆಯಬೇಡಿ. ಕೆಳಗಿನ ಮನೆಯ ಹೆಂಚು, ತಂತಿಯ ಮೇಲಿನ ಸೀರೆ, ನೀರಿನ ಬಿಂದಿಗೆಯ ಸಾಲು, ಅವೂ ಇರಲಿ ಚಿತ್ರದಲ್ಲಿ. ದೂರದಿಂದ, ರಸ್ತೆಯಿಂದಲೇ ತೆಗೆಯಿರಿ. ಗಾಳಿಯ ದಿನ ಹೋಗಲೇಬೇಡಿ. ಹಳೆಯ ಗಣಿ ಬಾವಿಗಳ ಹತ್ತಿರ, ರೈಲು ಹಳಿಯ ಮೇಲೆ ನಿಲ್ಲುವುದಂತೂ ಸುತರಾಂ ಕೂಡದು.

ಈಗ ಸ್ವಲ್ಪ ಕೈಕೆಲಸ. "ಫೋಟೋ ಮಂಜು ಮಂಜಾಗಿ ಬರುತ್ತೆ" ಎಂದಿದ್ದೀರಿ. ಕ್ಯಾಮೆರಾ ಕೆಟ್ಟಿರಲಾರದು, ಒಗ್ಗರಣೆಯ ಕೈಯಲ್ಲಿ ಹಿಡಿದ ಫೋನು ಅದು! ಹಳೆಯ ಮೆತ್ತನೆ ಪಂಚೆಯ ತುಂಡನ್ನು ಒಗೆದು ಇಟ್ಟುಕೊಳ್ಳಿ, ಹೊರಡುವ ಮುಂಚೆ ಕ್ಯಾಮೆರಾ ಕಣ್ಣನ್ನು ಹಗುರವಾಗಿ ಒರೆಸಿ. ಸೀರೆಯ ಸೆರಗು ಬೇಡ, ಅದರಲ್ಲಿ ಧೂಳಿರುತ್ತದೆ, ಗೀರು ಬೀಳುತ್ತದೆ.

ಎರಡನೆಯದು ಹೊತ್ತು. ಸೂರ್ಯ ಹುಟ್ಟಿದ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ, ಇವೆರಡೇ ಸಾಕು. ಆಗ ಬಿಸಿಲು ಓರೆಯಾಗಿ ಬರುತ್ತದೆ, ಹೆಚ್ಚು ಗಾಳಿಯನ್ನು ದಾಟಿ ಬರುವಾಗ ನೀಲಿ ಚದುರಿಹೋಗಿ ಹೊನ್ನಿನ ಬಣ್ಣ ಉಳಿಯುತ್ತದೆ. ಬಂಡೆಯ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು ಬಿದ್ದು ಗುಂಡಗೆ ಕಾಣುತ್ತದೆ. ಮಧ್ಯಾಹ್ನ ಅದೇ ಬಂಡೆ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆ. ಡೈರಿಗೆ ಹೋಗುವ ಹೊತ್ತೂ ಬೆಳಕಿನ ಹೊತ್ತೂ ನಿಮಗೆ ಒಂದೇ ಆಗಿಬಿಟ್ಟಿದೆ, ಪುಣ್ಯವಂತೆ ನೀವು.

ಆಕಾಶ ಸುಣ್ಣದಂತೆ ಬೆಳ್ಳಗೆ ಬಂದರೆ ಪರದೆಯ ಮೇಲೆ ಆ ಬೆಳಕಿನ ಜಾಗವನ್ನೇ ಬೆರಳಿನಿಂದ ಒತ್ತಿ. ಎಷ್ಟೋ ಫೋನುಗಳು ತಾವೇ ಬೆಳಕು ತಗ್ಗಿಸಿಕೊಳ್ಳುತ್ತವೆ. ನೀರು, ಆಕಾಶ ಸೇರುವ ಗೆರೆ ಚಿತ್ರದ ನಟ್ಟನಡುವೆ ಬರದಿರಲಿ. ಮೋಡ ಚೆನ್ನಾಗಿದ್ದರೆ ಗೆರೆ ಕೆಳಕ್ಕೆ, ನೀರು ಚೆನ್ನಾಗಿದ್ದರೆ ಮೇಲಕ್ಕೆ. ಹತ್ತಿರದಲ್ಲಿ ಒಂದು ರಾಗಿ ತೆನೆಯೋ ಏರಿಯ ಕಲ್ಲೋ ಇದ್ದರೆ ದೂರಕ್ಕೆ ಆಳ ಬರುತ್ತದೆ. ಬೆರಳಲ್ಲಿ ಹಿಗ್ಗಿಸಿ ತೆಗೆಯುವುದಕ್ಕಿಂತ ನಾಲ್ಕು ಹೆಜ್ಜೆ ನಡೆಯುವುದು ಮೇಲು. ಆದರೆ ಹಕ್ಕಿಯ ಗೂಡಿನ ಹತ್ತಿರ ಆ ನಾಲ್ಕು ಹೆಜ್ಜೆಯೂ ಬೇಡ. ತಾಯಿ ಹೆದರಿ ಮೊಟ್ಟೆ ಬಿಟ್ಟು ಹೋದೀತು.

ಒಂದು ದಿನ ಬಿಡುವು ಮಾಡಿಕೊಂಡು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ. 1894ರಲ್ಲಿ ಚಿನ್ನದ ಗಣಿಗಾಗಿ ಹಾಕಿದ ಹಾದಿ ಅದು. ಕಿಟಕಿ ಪಕ್ಕ ಕೂತರೆ ಸಾಕು, ಬಂಡೆ, ದಿಬ್ಬ, ಹಳೆಯ ನಿಲ್ದಾಣಗಳು ತಾವಾಗಿ ಬರುತ್ತವೆ. ಇನ್ನೊಂದು ದಿನ ಬೇತಮಂಗಲ. ಪಾಲಾರ್ ನದಿಯ ಆ ದೊಡ್ಡ ಕೆರೆಯ ನೀರೇ ಗಣಿ ಊರಿಗೆ ಹೋಗುತ್ತಿದ್ದದ್ದು. ಕಮ್ಮಸಂದ್ರದ ಕೋಟಿಲಿಂಗಕ್ಕೆ ಹೇಗೂ ಎಲ್ಲರೂ ಹೋಗುತ್ತೀರಿ, 108 ಅಡಿಯ ಲಿಂಗದ ಮುಂದೆ ಎಲ್ಲರೂ ಒಂದೇ ಫೋಟೋ ತೆಗೆಯುತ್ತೀರಿ. ದರ್ಶನ ಮುಗಿದ ಮೇಲೆ ಒಮ್ಮೆ ಊರಾಚೆಯ ಹೊಲಗಳ ಕಡೆಗೂ ಕ್ಯಾಮೆರಾ ತಿರುಗಿಸಿ. ಬರುತ್ತಾ ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನದೆ ಬಂದರೆ ಮಾತ್ರ ನಾನು ಕ್ಷಮಿಸುವುದಿಲ್ಲ. ಅಲ್ಲಿನ ತಿಳಿ ಪಾನಿ ಎಂಥ ಕ್ಯಾಮೆರಾಕ್ಕೂ ಸಿಕ್ಕುವುದಿಲ್ಲ, ನಾಲಿಗೆಗೇ ಸಿಕ್ಕಬೇಕು!

ಅತ್ತೆಯವರ ಮಾತಿಗೆ ಬರೋಣ. ಅವರ ಮೇಲೆ ಬೇಸರ ಬೇಡ. ಒಂದು ಸಂಜೆ ಫೋನು ಅವರ ಕೈಗೆ ಕೊಟ್ಟು, "ಅತ್ತೆ, ಈ ಕೆರೆಗೆ ಮುಂಚೆ ನೀರು ಎಲ್ಲೀಗಂಟ ನಿಲ್ಲುತಿತ್ತು? ಈ ಬಂಡೆಗೆ ಏನಂತಿದ್ರು?" ಎಂದು ಕೇಳಿ. ಅವರು ಆ ಊರಿಗೆ ಸೊಸೆಯಾಗಿ ಬಂದಾಗ ಇದ್ದ ತೋಪು, ಬಾವಿ, ತೂಬು ಈಗ ಎಷ್ಟು ಉಳಿದಿವೆಯೋ. ಬಂಡೆಗಳಂತೂ ಒಂದೊಂದಾಗಿ ಜಲ್ಲಿಯಾಗಿ ಹೋಗುತ್ತಿವೆ. ಅವರು ಬೆರಳಿಟ್ಟು ತೋರಿಸಿದ ಜಾಗಕ್ಕೆ ಅವರನ್ನೇ ಕರೆದುಕೊಂಡು ಹೋಗಿ, ಬಂಡೆಯ ಪಕ್ಕ ನಿಲ್ಲಿಸಿ. ಬಂಡೆ ಎಷ್ಟು ದೊಡ್ಡದೆಂದು ತಿಳಿಯಲು ಒಬ್ಬ ಮನುಷ್ಯರು ಬೇಕಲ್ಲ! ಮನುಷ್ಯರ ಫೋಟೋ ತೆಗೆ ಎಂಬ ಅವರ ಮಾತನ್ನೂ ನಡೆಸಿದ ಹಾಗಾಯಿತು.

ಕೊನೆಗೆ ಕೇಳಿದ್ದು: ಫೋನು ತುಂಬಿಹೋಗಿದೆ, ಎರಡು ಸಾವಿರ ಚಿತ್ರ, ಏನು ಮಾಡಲಿ? ತಿಂಗಳಿಗೊಮ್ಮೆ, ಅಮಾವಾಸ್ಯೆಗೋ ಹುಣ್ಣಿಮೆಗೋ, ಅಕ್ಕಿ ಆರಿಸುವ ಹಾಗೆ ಕೂತು ಆರಿಸಿ. ಕಣ್ಣಿಗೆ ಹಿಡಿದ ಒಂದನ್ನು ಸ್ಟುಡಿಯೋದಲ್ಲಿ ಕಾಗದದ ಮೇಲೆ ತೆಗೆಸಿ. ವರ್ಷಕ್ಕೆ 12 ಆಯಿತು. ಉಳಿದ ಒಳ್ಳೆಯವನ್ನು ಮಗನಿಗೆ ಹೇಳಿ ಬೇರೆ ಕಡೆ ಇಳಿಸಿಡಿ, ಫೋನು ಎಂದಾದರೂ ಕೈಕೊಡುವುದೇ. ಕಾಗದದ ಚಿತ್ರದ ಹಿಂದೆ ಪೆನ್ನಿನಲ್ಲಿ ಬೇಡ, ಶಾಯಿ ಇಳಿಯುತ್ತದೆ. ಮೆತ್ತನೆ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ: ಕೆರೆಯ ಹೆಸರು, ತಾರೀಖು, ಬೆಳಗ್ಗೆಯೋ ಸಂಜೆಯೋ, ಬಂಡೆಗೆ ಅತ್ತೆ ಹೇಳಿದ ಹೆಸರು.